ಅಪ್ಪಾರಿಗೆ ಯಾವ ಶುಗರ್ ಮಷಿನ್?

ಅಣ್ಣಾ, ಅಪ್ಪಾರಿಗೆ ಸಾದಾ ಶುಗರ್ ಮಷಿನ್ ಸಾಕಾ, ಮೊಬೈಲಿಗೆ ಜೋಡಿಸೋ ದುಬಾರಿದು ಬೇಕಾ ಅಂತ ಕೇಳಿದ್ದೀರಿ. ತೊಗರಿ ಬೆಳೆಯುವವರ ಗುಂಪಿನಲ್ಲಿ ಶುಗರ್ ಮಾತು ಯಾಕೆ ಅನ್ನಬೇಡಿ ಯಾರೂ, ಎಷ್ಟೋ ಮನೆಯಲ್ಲಿ ಈ ಮಷಿನ್ ಇದೆ.

ಕಲಬುರಗಿಯಲ್ಲಿ ಅವ್ವನಿಗೆ ನಾಲ್ಕು ವರ್ಷದಿಂದ ನಾನೇ ಚೆಕ್ ಮಾಡುತ್ತೇನೆ. ಮೊದಲು ನೋಡಬೇಕಾದ್ದು, ಊಟಕ್ಕೆ ಮುಂಚೆ, ಊಟ ಆದ ಮೇಲೆ ಅಂತ ಮಷಿನ್‌ನಲ್ಲಿ ರೀಡಿಂಗ್‌ಗೆ ಗುರುತು ಹಾಕೋಕೆ ಬರುತ್ತಾ ಅಂತ. ಊಟ ಶುರು ಮಾಡಿ ಎರಡು ತಾಸಿಗೆ 170 ಬಂದರೆ ಸಾಮಾನ್ಯವಾಗಿ ಗಾಬರಿ ಬೇಡ. ಖಾಲಿ ಹೊಟ್ಟೆಯಲ್ಲಿ ಅದೇ 170 ಬಂದರೆ ಜಾಸ್ತಿ. ಗುರುತಿಲ್ಲದಿದ್ದರೆ ಯಾವುದು ಯಾವಾಗಿನದು ಅಂತ ಹೇಗೆ ತಿಳಿಯಬೇಕು?

7, 14, 30 ದಿನದ ಆವರೇಜ್ ತೋರಿಸುತ್ತದೆ ಅಂತ ಅಂಗಡಿಯವರು ಹೇಳುತ್ತಾರೆ. ಒಂದು ವಾರ ಅವ್ವನದು 128 ಬಂತು, ನಾನು ಖುಷಿಯಾದೆ. ಬಟನ್ ಒತ್ತಿ ಹಿಂದಿನವು ನೋಡಿದರೆ ನಸುಕಿನಲ್ಲಿ 62, ರಾತ್ರಿ ಊಟ ಆದ ಮೇಲೆ 194! ಕೂಡಿಸಿ ಅರ್ಧ ಮಾಡಿದರೆ ಅದೇ 128 ಅಲ್ವಾ. 70ರ ಕೆಳಗೆ ಹೋದರೆ ಸುಮ್ನೆ ಕೂರುವಂತಿಲ್ಲ. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಡಾಕ್ಟರು ಆ ವಾರದ ರೀಡಿಂಗ್ ನೋಡಿಯೇ ಮಾತ್ರೆ ಬದಲಿಸಿದರು.

ಕೆಂಪು, ಹಸಿರು ಬಣ್ಣ ತೋರಿಸೋದು ವಯಸ್ಸಾದವರಿಗೆ ಒಳ್ಳೇದು. ಆದರೆ ಕಂಪನಿ ಇಟ್ಟ ಮಿತಿ ಅಪ್ಪಾರಿಗೆ ಸರಿ ಅಂತಿಲ್ಲ, ಡಾಕ್ಟರನ್ನು ಕೇಳಿ ಹೊಂದಿಸಿ. ಇನ್ಸುಲಿನ್ ಎಷ್ಟು ಅಂತ ಲೆಕ್ಕ ಹೇಳೋ ಆಪನ್ನೂ ಅಷ್ಟೇ, ಅವರು ಹೊಂದಿಸಿಕೊಡದೆ ಮುಟ್ಟಬೇಡಿ.

ಸೆಲ್ ಬದಲಿಸಿದ ಮೇಲೆ ತಾರೀಖು, ಟೈಮ್ ನೋಡಿ. ನಾನು ಮರೆತಿದ್ದೆ. ತಾರೀಖು ಜನವರಿ 1ರಿಂದ ಶುರುವಾಗಿ, ಎರಡು ತಿಂಗಳ ರೀಡಿಂಗ್ ಎಲ್ಲಾ ತಪ್ಪು ದಿನದ ಲೆಕ್ಕಕ್ಕೆ ಹೋಗಿ, ಡಾಕ್ಟರ ಮುಂದೆ ಬೆಪ್ಪನ ಹಾಗೆ ನಿಂತೆ.

ಅಪ್ಪಾರು ಹಳ್ಳಿಯಲ್ಲಿ, ನೀವು ಊರಲ್ಲಿ ಇದ್ದರೆ ಮೊಬೈಲಿಗೆ ಜೋಡಿಸೋ ಬ್ಲೂಟೂತ್‌ದು ತಗೊಳ್ಳಿ, ಅಲ್ಲಿನ ಮೊಬೈಲಿನಿಂದ ರೀಡಿಂಗ್ ನಿಮಗೆ ಕಳಿಸಬಹುದು. ಒಂದೇ ಮನೆಯಾದರೆ ಮೆಮೊರಿ, ಗುರುತು ಇರುವುದು ಸಾಕು. 100ರ ಮೇಲಿನ ರೀಡಿಂಗ್‌ನಲ್ಲಿ ಶೇ 15ರಷ್ಟು ಹೆಚ್ಚುಕಮ್ಮಿ ಆಗೋದಕ್ಕೆ ಇಂಥ ಮಷಿನ್‌ಗಳ ಅಂತರರಾಷ್ಟ್ರೀಯ ನಿಯಮದಲ್ಲೇ ಅವಕಾಶವಿದೆ. 140, 150 ಅಂತ ದಿನಾ ಜಗಳ ಬೇಡ. ಬೆಲ್ಲ, ಮಾವು ಮುಟ್ಟಿದ ಕೈಯನ್ನು ಸಾಬೂನು ಹಚ್ಚಿ ತೊಳೆದು, ಒರೆಸಿ ಚುಚ್ಚಿ. ಇಲ್ಲದಿದ್ದರೆ ಸುಳ್ಳೇ ಏರಿಕೆ ತೋರಿಸುತ್ತದೆ. ರಕ್ತದ ಹನಿ ಹಾಕೋ ಸ್ಟ್ರಿಪ್‌ನ ಡಬ್ಬಿಯನ್ನು ಮೇ ತಿಂಗಳ ಬಿಸಿಲಲ್ಲಿ ಬೈಕ್ ಡಿಕ್ಕಿಯಲ್ಲಿ ಇಡಬೇಡಿ, ಎಷ್ಟು ಡಿಗ್ರಿ ತಡೆಯುತ್ತದೆ ಅಂತ ಡಬ್ಬಿ ಮೇಲೇ ಬರೆದಿರುತ್ತದೆ.

ಖರ್ಚು ಮಷಿನ್‌ಗಿಂತ ಸ್ಟ್ರಿಪ್‌ಗೇ ಜಾಸ್ತಿ. ನಿಮ್ಮೂರ ಮೆಡಿಕಲ್‌ನಲ್ಲಿ ಯಾವುದರ ಸ್ಟ್ರಿಪ್ ಯಾವಾಗಲೂ ಸಿಗುತ್ತದೆ, ಅದನ್ನು ಮೊದಲು ಕೇಳಿಕೊಂಡು ಬನ್ನಿ. ಅಂದಹಾಗೆ ಅಪ್ಪಾರು ಮಾತ್ರೆಯಲ್ಲಿದ್ದಾರಾ, ಇನ್ಸುಲಿನ್ನಾ?