ಒಂದೇ ಮನೆ, ಮೂರು ಸರ್‌ನೇಮ್!

ಪ್ರಶ್ನೆ: ಇಲ್ಲೇ ಒಂದು ಸರ್ವಿಸ್ ಅಪಾರ್ಟ್‌ಮೆಂಟಿನ ರಿಸೆಪ್ಷನ್‌ನಲ್ಲಿ ಕೆಲಸ ಮಾಡುತ್ತೇನೆ. ಮೊನ್ನೆ ಲಿಥುವೇನಿಯಾದಿಂದ ಅಪ್ಪ, ಅಮ್ಮ, ಮಗಳು ಬಂದಿದ್ದರು. ಪಾಸ್‌ಪೋರ್ಟ್‌ನಲ್ಲಿ ಅಪ್ಪ ಕಜ್ಲೌಸ್ಕಸ್, ಅಮ್ಮ ಕಜ್ಲೌಸ್ಕಿಯೆನೆ, ಮಗಳು ಕಜ್ಲೌಸ್ಕೈತೆ. ವಿದೇಶಿ ಅತಿಥಿಗಳ ವಿವರ ಕೊಡುವ ಫಾರ್ಮ್ ತುಂಬುವಾಗ ತಲೆ ಕೆಟ್ಟುಹೋಯಿತು. ಏನಿದು?
– ಓದುಗರೊಬ್ಬರು, ಇಂದಿರಾನಗರ

ಉತ್ತರ: ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ತುಂಬಿ, ಸ್ಪೆಲಿಂಗ್ ಏನೂ ತಪ್ಪಿಲ್ಲ. ಮೂವರದ್ದೂ ಒಂದೇ ಮನೆತನದ ಹೆಸರು, ಬಾಲ ಮಾತ್ರ ಬೇರೆ. ಗಂಡಸರ ಹೆಸರು ಸಾಮಾನ್ಯವಾಗಿ -ಅಸ್, -ಇಸ್, -ಉಸ್ ಅಂತ ಮುಗಿಯುತ್ತದೆ. ಮದುವೆಯಾದ ಹೆಂಗಸಿಗೆ -ಇಯೆನೆ. ಮದುವೆಯಾಗದ ಮಗಳಿಗೆ ಅಪ್ಪನ ಹೆಸರು ಹೇಗೆ ಮುಗಿಯುತ್ತದೆ ಅನ್ನೋದರ ಮೇಲೆ -ಐತೆ, -ಈತೆ ಅಥವಾ -ಉತೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಈಜಿನಲ್ಲಿ ಚಿನ್ನ ಗೆದ್ದ ಹದಿನೈದು ವರ್ಷದ ಹುಡುಗಿ ರೂತಾ ಮೆಯ್ಲುತೀತೆ ನೆನಪಿದ್ದಾಳಾ? ಅವಳ ಅಪ್ಪನ ಸರ್‌ನೇಮ್ ಮೆಯ್ಲುತಿಸ್ ಅಂತ ನಾವು ಇಲ್ಲೇ ಕೂತು ಹೇಳಬಹುದು.

ಅಂದರೆ ಹೆಸರು ಕೇಳಿದ ತಕ್ಷಣ ಹೆಣ್ಣಿಗೆ ಮದುವೆಯಾಗಿದೆಯೋ ಇಲ್ಲವೋ ಊರಿಗೆಲ್ಲ ಗೊತ್ತು, ಗಂಡಸಿಗೆ ಆ ತಾಪತ್ರಯವೇ ಇಲ್ಲ! ಇದು ಬೇಡ ಅನ್ನುವ ಹೆಂಗಸರಿಗೆ 2003ರಿಂದ ಬರೀ -ಎ ಹಾಕಿಕೊಳ್ಳುವ ಅವಕಾಶ ಸಿಕ್ಕಿದೆ. ಕಜ್ಲೌಸ್ಕೆ ಅಂದರೆ ಸಾಕು, ಮದುವೆ ವಿಚಾರ ಯಾರಿಗೂ ತಿಳಿಯುವುದಿಲ್ಲ.

ಇನ್ನು ಸರ್‌ನೇಮ್ ಎಲ್ಲಿಂದ ಬಂತು ಅಂತೀರಾ? ಮೊದಲು ಅಲ್ಲೂ ಒಂದೇ ಹೆಸರು: ವಿತೌತಸ್, ಯೊಗೈಲ ಹೀಗೆ. 1387ರಲ್ಲಿ ದೇಶ ಕ್ರೈಸ್ತ ಧರ್ಮಕ್ಕೆ ಸೇರಿದ ಮೇಲೆ ಎಲ್ಲಿ ನೋಡಿದರೂ ಯೊನಸ್, ಪೆತ್ರಸ್. ಯಾವ ಯೊನಸ್ ಅಂತ ಕೇಳಬೇಕಾಯಿತು, ಅಲ್ವಾ? ಯೊನಸ್‌ನ ಮಗ ಯೊನೈತಿಸ್ ಆದ. ಕಮ್ಮಾರ ಕಲ್ವಿಸ್, ಅವನ ಮಗ ಕಲ್ವೈತಿಸ್. ತೋಳ ಅಂದರೆ ವಿಲ್ಕಸ್, ಗುಬ್ಬಚ್ಚಿ ಅಂದರೆ ಜ್ವಿರ್ಬ್ಲಿಸ್. ಇವೂ ಸರ್‌ನೇಮ್‌ಗಳೇ. ಹುಬ್ಬಳ್ಳಿ ಕಡೆಯ ಮೆಣಸಿನಕಾಯಿ, ಉಳ್ಳಾಗಡ್ಡಿ, ಕಮ್ಮಾರ ಗೊತ್ತಿರುವ ನಮಗೆ ಇದೇನೂ ವಿಚಿತ್ರ ಅಲ್ಲ ಬಿಡಿ. ಬಾಲದಿಂದ ಸೀಮೆಯನ್ನೂ ಊಹಿಸಬಹುದು: -ಐತಿಸ್ ನೈರುತ್ಯದ ಕಡೆ ಜಾಸ್ತಿ, -ಏನಸ್ ಈಶಾನ್ಯದಲ್ಲಿ.

ಪ್ರಶ್ನೆ: ಅಲ್ಲಿ ಅಧ್ಯಕ್ಷರಾಗಿದ್ದ ದಾಲಿಯಾ ಗ್ರೀಬೌಸ್ಕೈತೆ ಅವರ ಸರ್‌ನೇಮ್‌ಗೆ ಅಣಬೆ ಅಂತ ಅರ್ಥವಂತೆ, ನಿಜಾನಾ?
– ಇನ್ನೊಬ್ಬರು, ಮಲ್ಲೇಶ್ವರ

ಉತ್ತರ: ಅರ್ಧ ನಿಜ. ಗ್ರೀಬಸ್ ಅಂದರೆ ಅಣಬೆಯೇ. ಆದರೆ -ಔಸ್ಕಸ್ ಬಾಲ ಇದ್ದರೆ ಸ್ವಲ್ಪ ಹುಷಾರು. ಪೋಲೆಂಡ್ ಜೊತೆ ಒಂದೇ ರಾಜ್ಯವಾಗಿದ್ದ ಶತಮಾನಗಳಲ್ಲಿ ಚರ್ಚಿನ ಪಾದ್ರಿಗಳು, ಗುಮಾಸ್ತರು ಹೆಸರನ್ನು ಪೋಲಿಷ್‌ನಲ್ಲೇ ಬರೆಯುತ್ತಿದ್ದರು. ಆ -ಓವ್‌ಸ್ಕಿ ಲಿಥುವೇನಿಯನ್ ಬಾಯಲ್ಲಿ -ಔಸ್ಕಸ್ ಆಯಿತು. ನಮ್ಮ ಇಂದಿರಾನಗರದ ಕಜ್ಲೌಸ್ಕಸ್ ಕೂಡ ಕೊಜ್ಲೋವ್‌ಸ್ಕಿಯೇ. ಪೋಲಿಷ್‌ನಲ್ಲಿ ಇಂಥವು ಎಷ್ಟೋ ಊರಿನ ಹೆಸರಿನಿಂದ ಹುಟ್ಟಿದವು. ಹಾಗಾಗಿ ಸುಮ್ನೆ ಹೆಸರು ನೋಡಿ ಅವರ ಮುತ್ತಜ್ಜ ಅಣಬೆ ಮಾರುತ್ತಿದ್ದರು ಅನ್ನೋಕಾಗಲ್ಲ. 2008ರಿಂದ 2012ರವರೆಗೆ ಪ್ರಧಾನಿಯಾಗಿದ್ದ ಆಂದ್ರಿಯಸ್ ಕುಬಿಲಿಯಸ್ ಅವರ ಸರ್‌ನೇಮ್ ಬಗ್ಗೆ ಇಷ್ಟು ಅನುಮಾನ ಬೇಡ. ಅದು ಮರದ ಪೀಪಾಯಿ ಮಾಡುವವರ ಹೆಸರು.