ಹಠ ಯಾವುದು, ಕಾಯಿಲೆ ಯಾವುದು?

ಪ್ರಶ್ನೆ: ನಮ್ಮ ವೆಸ್ಟ್ ಹೈಲ್ಯಾಂಡ್ ವೈಟ್ ಟೆರಿಯರ್ (ವೆಸ್ಟಿ) ನಾಯಿಗೆ ಎರಡು ವರ್ಷ. ಕರೆದರೆ ಬರುವುದಿಲ್ಲ, ಹಿತ್ತಿಲನ್ನೆಲ್ಲ ಅಗೆದು ಹಾಕಿದೆ. ಈಗೀಗ ಕೂತಲ್ಲೇ ಕೂತು ಪಾದ ನೆಕ್ಕುತ್ತಿರುತ್ತದೆ, ಅಲ್ಲಿನ ಬಿಳಿ ಕೂದಲು ಕಂದು ಬಣ್ಣಕ್ಕೆ ತಿರುಗಿದೆ. ಬೈದರೆ ಒಂದು ಗಳಿಗೆ ನಿಲ್ಲಿಸಿ ಮತ್ತೆ ಶುರು. ಇಷ್ಟೊಂದು ಹಠ ಯಾಕೆ?

ಉತ್ತರ: ಅಗೆಯುವುದು, ಕರೆದರೆ ಬರದಿರುವುದು ವೆಸ್ಟಿಯ ಹುಟ್ಟುಗುಣ. ಪಾದ ನೆಕ್ಕುವುದು ಹಾಗಲ್ಲ, ಅದಕ್ಕೆ ದಯವಿಟ್ಟು ಬೈಯಬೇಡಿ. ಅದು ಬಹುಪಾಲು ತುರಿಕೆ.

ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ನರಿ, ನೀರುನಾಯಿಗಳ ಬೆನ್ನು ಹತ್ತಿ ಬಿಲದೊಳಗೆ ನುಗ್ಗಲಿಕ್ಕೆ ಬೆಳೆಸಿದ ತಳಿ ಇದು. ಬಿಲದೊಳಗೆ ಅಪ್ಪಣೆ ಕೊಡುವವರು ಯಾರೂ ಇರುವುದಿಲ್ಲ, ಏನು ಮಾಡಬೇಕೆಂದು ನಾಯಿಯೇ ತೀರ್ಮಾನಿಸಬೇಕು, ಹಾಗಾಗಿ ಸ್ವಂತ ಬುದ್ಧಿ ಜಾಸ್ತಿ. ಅಗೆಯಲು ಒಂದು ಮೂಲೆ ಬಿಟ್ಟುಕೊಡಿ, ಬಯಲಿನಲ್ಲಿ ಬೆಲ್ಟ್ ಬಿಚ್ಚಬೇಡಿ. ಬಂದಾಗಲೆಲ್ಲ ತಿಂಡಿ ಕೊಟ್ಟು ಹೊಗಳಿದರೆ ಚೆನ್ನಾಗಿಯೇ ಕಲಿಯುತ್ತದೆ, ಗದರಿಸಿದರೆ ಇನ್ನೂ ದೂರ ಹೋಗುತ್ತದೆ.

ಈಗ ಮುಖ್ಯ ವಿಷಯ. ವೆಸ್ಟಿಗಳಿಗೆ ಚರ್ಮದ ಅಲರ್ಜಿ ತುಂಬಾ ಸಾಮಾನ್ಯ, ಹೆಚ್ಚಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ಪಾದ, ಕಿವಿ, ಕಂಕುಳು, ಹೊಟ್ಟೆ ಇಲ್ಲೆಲ್ಲ ಕೆರೆತ. ಕೂದಲು ಕಂದಾಗಿದ್ದು ಜೊಲ್ಲಿನ ಕಲೆಯಿಂದ, ಅಂದರೆ ನೆಕ್ಕಾಟ ಶುರುವಾಗಿ ಬಹಳ ದಿನ ಆಗಿರಬೇಕು. ಕೂದಲು ಸರಿಸಿ ಬೆರಳ ಸಂದಿ ನೋಡಿ. ಕೆಂಪಾಗಿ, ಜಿಡ್ಡು ಜಿಡ್ಡಾಗಿ ಹಳಸಿದ ವಾಸನೆ ಬರುತ್ತಿದ್ದರೆ ಯೀಸ್ಟ್ ಎಂಬ ಶಿಲೀಂಧ್ರದ ಸೋಂಕೂ ಸೇರಿಕೊಂಡಿರಬಹುದು. ಪಶುವೈದ್ಯರು ಮೊದಲು ಚಿಗಟ, ಕಜ್ಜಿಹುಳ, ಸೋಂಕು ನೋಡುತ್ತಾರೆ, ಆಮೇಲೆ ತುರಿಕೆ ಊಟದಿಂದ ಬರುತ್ತಿದೆಯೇ ಎಂದು ತಿಳಿಯಲು ಕೆಲವು ವಾರ ಒಂದೇ ಬಗೆಯ ವಿಶೇಷ ಆಹಾರ ಕೊಟ್ಟು ನೋಡಲು ಹೇಳಬಹುದು. ಆ ವಾರಗಳಲ್ಲಿ ಕದ್ದುಮುಚ್ಚಿ ಒಂದು ಬಿಸ್ಕತ್ತು ಕೊಟ್ಟರೂ ಅಷ್ಟೂ ಶ್ರಮ ವ್ಯರ್ಥ, ಮನೆಯವರಿಗೆಲ್ಲ ಹೇಳಿಡಿ. ಅಲರ್ಜಿ ಪೂರ್ತಿ ವಾಸಿಯಾಗುವುದು ಅಪರೂಪ, ಆದರೆ ಔಷಧಿ, ಅವರು ಹೇಳಿದ ಶಾಂಪೂ ಎರಡರಿಂದ ಹತೋಟಿಯಲ್ಲಿ ಇಡಬಹುದು. ಮನುಷ್ಯರ ಶಾಂಪೂ ಮಾತ್ರ ಬೇಡ.

ಪ್ರಶ್ನೆ: ನಮ್ಮದೂ ವೆಸ್ಟಿ, ಐದು ತಿಂಗಳ ಮರಿ. ಊಟ ಕಂಡರೆ ಓಡಿ ಬರುತ್ತದೆ, ಒಂದು ತುತ್ತಿಗೇ ಕಿರುಚಿ ಹಿಂದೆ ಸರಿಯುತ್ತದೆ. ಮುಖ ಮುಟ್ಟಿದರೆ ಗುರ್ ಎನ್ನುತ್ತದೆ. ಈಗಲೇ ಇಷ್ಟು ಸಿಟ್ಟು ಯಾಕೆ?

ಉತ್ತರ: ಇದು ಸಿಟ್ಟಲ್ಲ, ನೋವು ಅನ್ನಿಸುತ್ತದೆ. ಹಸಿವಿದ್ದೂ ತಿನ್ನಲಾಗುತ್ತಿಲ್ಲ, ಅಲ್ವಾ? ಬಾಯಲ್ಲಿ ಏನಾದರೂ ಸಿಕ್ಕಿಕೊಂಡಿರಬಹುದು, ಹಲ್ಲಿನ ತೊಂದರೆಯೂ ಇರಬಹುದು. ಆದರೆ ಮೂರರಿಂದ ಎಂಟು ತಿಂಗಳ ವೆಸ್ಟಿ ಮರಿಗಳಲ್ಲಿ ದವಡೆಯ ಮೂಳೆ ಅತಿಯಾಗಿ ಬೆಳೆದು ಬಾಯಿ ತೆರೆಯುವುದೇ ಕಷ್ಟವಾಗುವ ಕಾಯಿಲೆ ಒಂದಿದೆ, ಕ್ರೇನಿಯೋಮ್ಯಾಂಡಿಬುಲರ್ ಆಸ್ಟಿಯೋಪತಿ ಎಂದು ಅದರ ಹೆಸರು. ನಡುವೆ ಜ್ವರವೂ ಬರಬಹುದು. ಎಕ್ಸ್‌ರೇಯಲ್ಲಿ ಗೊತ್ತಾಗುತ್ತದೆ, ಮುಂದಕ್ಕೆ ಹಾಕದೆ ಈ ವಾರವೇ ಪಶುವೈದ್ಯರಿಗೆ ತೋರಿಸಿ. ನೋವಿನ ಮಾತ್ರೆ ವೈದ್ಯರು ಬರೆದಿದ್ದನ್ನೇ ಕೊಡಿ, ನಮ್ಮ ಐಬುಪ್ರೊಫೆನ್, ಪ್ಯಾರಾಸಿಟಮಾಲ್ ನಾಯಿಗೆ ವಿಷವಾಗಬಹುದು. ಅಲ್ಲಿಯವರೆಗೆ ಊಟ ಮೆತ್ತಗೆ ಕಲಸಿ ಕೊಡಿ, ಬಾಯನ್ನು ಬಲವಂತವಾಗಿ ತೆರೆಯಬೇಡಿ. ಈ ಕಾಯಿಲೆಯೇ ಆಗಿದ್ದರೆ, ಮರಿಯ ಬೆಳವಣಿಗೆ ನಿಲ್ಲುವ ಹೊತ್ತಿಗೆ, ಸುಮಾರು ಒಂದು ವರ್ಷಕ್ಕೆ, ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ವೆಸ್ಟಿಗಳಲ್ಲಿ ಇದು ವಂಶಪಾರಂಪರ್ಯವಾಗಿ ಬರುವಂಥದ್ದು, ಆದ್ದರಿಂದ ಖಚಿತವಾದ ಮೇಲೆ ಮರಿ ಕೊಟ್ಟವರಿಗೂ ತಿಳಿಸಿ, ಆ ಜೋಡಿಯಿಂದ ಮತ್ತೆ ಮರಿ ಮಾಡಿಸಬಾರದು.