ಮಂಗಳೂರಿನ ಟ್ರಾಫಿಕ್ ನಮಗ್ಯಾಕೆ?

"ನೀವು ಕೇರಳದವರಲ್ವಾ, ಮಂಗಳೂರಿನ ಟ್ರಾಫಿಕ್ ಕಟ್ಟಿಕೊಂಡು ನಿಮಗೇನು?" ಅಂತ ಕೇಳಿದೆಯಲ್ಲ ಮಾರಾಯ, ಕೇಳು. ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಆದರೆ ದೊಡ್ಡ ಆಸ್ಪತ್ರೆ, ಕಾಲೇಜು, ವಿಮಾನ ಎಲ್ಲದಕ್ಕೂ ನಮಗೆ ಇವತ್ತಿಗೂ ಮಂಗಳೂರೇ. ನೇತ್ರಾವತಿ ಸೇತುವೆಯ ಮೇಲೆ ನಿಂತ ಸಾಲಿನಲ್ಲಿ ಕೆಎಲ್ 14 ನಂಬರಿನ, ಅಂದರೆ ಕಾಸರಗೋಡಿನ, ಗಾಡಿಗಳೂ ಇರುತ್ತವೆ.

ಮಂಗಳೂರಿನ ಮಹಾಯೋಜನೆ (ಊರು ಹೇಗೆ ಬೆಳೆಯಬೇಕು ಎಂಬ ಮಾಸ್ಟರ್ ಪ್ಲಾನ್) ಕರ್ನಾಟಕದ 1961ರ ನಗರ ಯೋಜನಾ ಕಾಯ್ದೆಯಡಿ ಆಗುತ್ತದೆ, ನಮ್ಮ ಕಡೆಯದು ಕೇರಳದ 2016ರ ಕಾಯ್ದೆಯಡಿ. ಎರಡೂ ತಲಪಾಡಿಯಲ್ಲಿರುವ ರಾಜ್ಯದ ಗಡಿಗೆರೆಗೆ ಬಂದು ನಿಲ್ಲುತ್ತವೆ. ಸಂಚಾರ ಸಮೀಕ್ಷೆಯಲ್ಲಿ ಅಂಚಿನ ರಸ್ತೆಯಲ್ಲಿ ಗಾಡಿ ಎಣಿಸಿ, ಆಚೆಗಿನ ಊರುಗಳನ್ನು ದೊಡ್ಡ ದೊಡ್ಡ ಹೊರವಲಯಗಳಾಗಿ ಗುಡ್ಡೆ ಹಾಕುವುದು ರೂಢಿ. ಹಾಗಾದಾಗ ಗಡಿಯ ಹತ್ತಿರದ ಉಪ್ಪಳದವನೂ ದೂರದ ನೀಲೇಶ್ವರದವನೂ ಲೆಕ್ಕದಲ್ಲಿ ಒಂದೇ ಚುಕ್ಕೆ. ನೇರ ಬಸ್ಸು ಸಾಕಷ್ಟಿದ್ದರೆ ಇವರಲ್ಲಿ ಎಷ್ಟು ಮಂದಿ ಕಾರು ಮನೆಯಲ್ಲೇ ಬಿಡುತ್ತಿದ್ದರು ಎಂಬುದು ಆ ಲೆಕ್ಕದಲ್ಲಿ ಸಿಗುವುದಿಲ್ಲ.

ನಿಜವಾದ ಗಂಟು ಇರುವುದು ಬಸ್ಸಿನಲ್ಲೇ. ಮಂಗಳೂರಿನ ಸಿಟಿ ಬಸ್ಸು ತಲಪಾಡಿಯಲ್ಲಿ ತಿರುಗುತ್ತದೆ; ಅಲ್ಲಿ ಇಳಿದು, ಚೀಲ ಹಿಡಿದು ಗಡಿ ದಾಟಿ, ಆಚೆಯ ಬಸ್ಸು ಹತ್ತಬೇಕು. ಎರಡೂ ರಾಜ್ಯಗಳ ಸರಕಾರಿ ಬಸ್ಸುಗಳು ನೇರ ಓಡುತ್ತವೆ, ನಿಜ. ಆದರೆ ಮನಸ್ಸು ಬಂದಷ್ಟು ಟ್ರಿಪ್ ಹೆಚ್ಚಿಸಲು ಬರುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 88ನೇ ಸೆಕ್ಷನ್ ಪ್ರಕಾರ ಒಂದು ರಾಜ್ಯದ ಪರ್ಮಿಟ್‌ಗೆ ಇನ್ನೊಂದು ರಾಜ್ಯದ ಮೇಲುರುಜು, ಅಂದರೆ ಒಪ್ಪಿಗೆಯ ಸಹಿ, ಬೇಕು. ಪರ್ಮಿಟ್‌ಗಳ ಸಂಖ್ಯೆಗೆ ರಾಜ್ಯಗಳ ಒಪ್ಪಂದ ಆಗಬೇಕಾದರೆ, ಪ್ರಸ್ತಾವ ಎರಡೂ ಕಡೆಯ ಗೆಜೆಟ್‌ನಲ್ಲೂ ಪತ್ರಿಕೆಯಲ್ಲೂ ಬರಬೇಕು. ಕನಿಷ್ಠ 30 ದಿನ ಬಿಟ್ಟು ಆಕ್ಷೇಪಣೆ ಕೇಳಬೇಕು. ಊರು ಬೆಳೆದಷ್ಟು ಬೇಗ ಆ ಕಾಗದ ಓಡುವುದಿಲ್ಲ.

ಇದರಿಂದ ರಸ್ತೆಗೆ ಏನಾಗುತ್ತದೆ ಅಂದರೆ, ರಸ್ತೆಗಳ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಹೆದ್ದಾರಿ ಲೆಕ್ಕದಲ್ಲಿ ಒಂದು ಕಾರಿನ ಹೊರೆ 1 ಅಂತಿಟ್ಟರೆ ಬಸ್ಸಿನದು 3. ಅರುವತ್ತು ಜನ ಒಂದು ಬಸ್ಸಿನಲ್ಲಿ ಹೋದರೆ ರಸ್ತೆಯ ಮೇಲೆ ಬೀಳುವುದು 3. ಅದೇ ಜನ ಕಾರಿಗೆ ಇಬ್ಬರಂತೆ ಹೊರಟರೆ 30. ಇಷ್ಟು ಗೊತ್ತಿದ್ದೂ ಪರಿಹಾರ ಅಂದಾಗ ಮೊದಲು ಬರುವುದು ಮೇಲ್ಸೇತುವೆಯ ಮಾತು.

ದಾರಿಯೇ ಇಲ್ಲ ಅಂತಲ್ಲ. ದೆಹಲಿಯ ಸುತ್ತಮುತ್ತಲ ರಾಜ್ಯಗಳು ಒಪ್ಪಿಗೆ ಕೊಟ್ಟ ಮೇಲೆ ಸಂಸತ್ತು 1985ರಲ್ಲಿ ರಾಜಧಾನಿ ಪ್ರದೇಶಕ್ಕೆ ಒಂದು ಯೋಜನಾ ಮಂಡಳಿಯನ್ನೇ ಕಾಯ್ದೆ ಮಾಡಿ ಕೊಟ್ಟಿತು. ನಮಗೆ ಅಷ್ಟು ದೊಡ್ಡದು ಬೇಡ. ನಮ್ಮ ಕಡೆಯ ಕುಂಬಳೆಯಿಂದ ಮಂಗಳೂರಿನ ಪಂಪ್‌ವೆಲ್‌ವರೆಗೆ ಎರಡೂ ರಾಜ್ಯ ಸೇರಿ ಒಂದೇ ದಿನ ಎಣಿಸಲಿ, ಗಾಡಿಯನ್ನಲ್ಲ, ಜನರನ್ನು.